ಗುರುವಾರದ ಮುಹೂರ್ತ, ಬುಧವಾರದ ಸಂಜೆ

ಬನಶಂಕರಿಯ ನಮ್ಮ ಛತ್ರದಲ್ಲಿ ಹತ್ತೊಂಬತ್ತು ವರ್ಷದಿಂದ ಬುಕಿಂಗ್ ನೋಡಿಕೊಳ್ಳುವವಳು ನಾನು. ಒಂದೇ ಹೊತ್ತಿಗೆ ಇಬ್ಬರಿಗೆ ಛತ್ರ ಕೊಟ್ಟವಳಲ್ಲ. ಇದನ್ನು ಹೇಳಿಕೊಳ್ಳುವಾಗ ಸ್ವಲ್ಪ ಜಂಬ ಬರುತ್ತದೆ, ಬರಲಿ. ಹಾಗಾಗಿ ಓನರು ಬಂದು, ಇನ್ನುಮುಂದೆ ಮೆಸೇಜುಗಳಿಗೆ ತಾನೇ ಉತ್ತರ ಕೊಟ್ಟು ತಾನೇ ಬುಕ್ ಮಾಡುವ ಎಐ ಏಜೆಂಟ್ ಹಾಕಿಸುತ್ತೇನೆ ಅಂದಾಗ ನನಗೆ ಮೈಯೆಲ್ಲ ಉರಿಯಿತು.

ಅದನ್ನು ಮಾಡಿಕೊಡಲು ಬಿಟಿಎಂ ಲೇಔಟಿನಿಂದ ಒಬ್ಬಳು ಇಂಜಿನಿಯರ್ ಹುಡುಗಿ ಬಂದಳು. ಏಜೆಂಟ್ ಮಾಡುವ ಒಂದೊಂದು ಕೆಲಸಕ್ಕೂ ಒಂದೊಂದು ಟೂಲ್ ಇರುತ್ತದಂತೆ. ಯಾವ ಟೂಲ್ ಏನು ಮಾಡುತ್ತದೆ, ಯಾವಾಗ ಬಳಸಬೇಕು ಎಂದು ಬರೆದಿಡಬೇಕು; ನಮ್ಮ ಛತ್ರದ ಪದ್ಧತಿ ಬರೆಯದಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ, ನೀವೇ ಬರೆದುಕೊಡಿ ಅಂದಳು. ನಾನು ಮುಖ ಗಂಟು ಹಾಕಿಕೊಂಡೇ ಎರಡು ಸಾಲು ಗೀಚಿದೆ. ದಿನ ನೋಡುವುದು: ಛತ್ರ ಖಾಲಿ ಇದೆಯೇ ತಿಳಿಸುತ್ತದೆ. ಬುಕ್ ಮಾಡುವುದು: ಕೇಳಿದ ದಿನಕ್ಕೆ ಛತ್ರ ಹಿಡಿಯುತ್ತದೆ. ಇದಕ್ಕಿಂತ ಹೆಚ್ಚು ಬರೆಯಲು ಅದೇನು ಮಹಾ ಬ್ರಹ್ಮವಿದ್ಯೆಯೇ?

ಏಜೆಂಟ್ ಕೆಲಸ ಶುರುಮಾಡಿದ ಮೂರನೇ ವಾರ ಒಂದು ಮನೆಯವರು ಹುಟ್ಟುಹಬ್ಬದ ಅಲಂಕಾರಕ್ಕೆ ಹಾಲ್ ನೋಡಲು ಬಂದರು. ಮುಂದಿನ ತಿಂಗಳು, ಬುಧವಾರ ಸಂಜೆ ಅಂದರು. ಅದರ ಮಾರನೇ ದಿನ, ಗುರುವಾರ, ಒಂದು ಮದುವೆಯ ಮುಹೂರ್ತವಿತ್ತು. ನಮ್ಮಲ್ಲಿ ಗುರುವಾರ ಮುಹೂರ್ತ ಅಂದರೆ ಬುಧವಾರ ಸಂಜೆಯೇ ಆರತಕ್ಷತೆ. ಮಧ್ಯಾಹ್ನವೇ ಎರಡೂ ಕಡೆಯ ಬೀಗರು ಬಂದಿಳಿಯುತ್ತಾರೆ. ಏಜೆಂಟ್ ಗುರುವಾರವನ್ನಷ್ಟೇ ಹಿಡಿದು, ಬುಧವಾರ ಖಾಲಿ ಇದೆ ಎಂದು ಹುಟ್ಟುಹಬ್ಬದವರಿಗೆ ಕೊಟ್ಟಿತ್ತು.

ನಿಜ ಹೇಳುತ್ತೇನೆ, ಗಾಬರಿಯ ಹಿಂದೆಯೇ ಖುಷಿಯೂ ಆಯಿತು. ಓನರನ್ನೂ ಹುಡುಗಿಯನ್ನೂ ಕರೆಸಿ, ನೋಡಿ ನಿಮ್ಮ ಯಂತ್ರದ ಬುದ್ಧಿ ಎಂದು ಬಾಯಿಗೆ ಬಂದಂತೆ ಅಂದೆ. ಹುಡುಗಿ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು.

"ಆಂಟಿ, ನೀವು ಬರೆದಿದ್ದನ್ನೇ ಅದು ಮಾಡಿದೆ."

ಓದಿದೆ. ಹಿಂದಿನ ದಿನದ ಸುದ್ದಿಯೇ ಇರಲಿಲ್ಲ. ಹುಟ್ಟಿದಾಗಿನಿಂದ ಗೊತ್ತಿರುವುದನ್ನು ಯಾರಾದರೂ ಬರೆಯುತ್ತಾರೆಯೇ? ನಾನು ಬರೆದಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನ್ನದೂ ಅದೇ ಕತೆಯಾಯಿತು. ಓನರು ನನ್ನನ್ನೇ ನೋಡುತ್ತಾ, "ಸೋಮವಾರದ ತನಕ ನೋಡ್ತೀನಿ ಮೇಡಂ. ಸರಿಹೋಗ್ಲಿಲ್ಲ ಅಂದ್ರೆ ಬುಕಿಂಗಿಗೆ ಬೇರೆಯವರನ್ನ ಕೂರಿಸ್ತೀನಿ" ಅಂದರು. ಹತ್ತೊಂಬತ್ತು ವರ್ಷ ಆ ಒಂದು ಮಾತಿನಲ್ಲಿ ಹೋಯಿತು ಅನ್ನಿಸಿ ಅಳು ಬಂತು.

ಹುಟ್ಟುಹಬ್ಬದವರಿಗೆ ನಾನೇ ಫೋನ್ ಮಾಡಿ ತಪ್ಪಾಯಿತು ಅಂದೆ. ಇನ್ನೂ ಯಾರನ್ನೂ ಕರೆದಿರಲಿಲ್ಲ, ಒಳ್ಳೆಯ ಜನ, ಭಾನುವಾರಕ್ಕೆ ಒಪ್ಪಿಕೊಂಡರು.

ಆಮೇಲೆ ಕೂತು ಬರೆದೆ. ನಾನು ರಜೆ ಹಾಕಿ, ನನ್ನ ಜಾಗದಲ್ಲಿ ಮದುವೆಮನೆಯನ್ನೇ ಕಾಣದ ಒಬ್ಬರು ಕೂತರೆ ಏನೇನು ಹೇಳಿ ಹೋಗುತ್ತಿದ್ದೆ ಎಂದು ನೆನೆದು ನೆನೆದು ಆರು ಪುಟ ತುಂಬಿಸಿದೆ. ಓಲಗದವರು ಕೂರುವ ಜಾಗ, ಬಾಳೆಕಂದು ಕಟ್ಟುವ ಕಂಬ, ಎಲ್ಲ. ಇಷ್ಟೊಂದು ಇದ್ದರೆ ಮುಖ್ಯವಾದದ್ದೇ ಮುಳುಗಿಹೋಗುತ್ತದೆ ಎಂದು ಹುಡುಗಿ ಹೊಡೆದುಹಾಕುತ್ತಾ ಹೋದಳು. ಎರಡು ದಿನ ಜಗಳವಾಡಿದೆವು. ಕೊನೆಗೆ ಉಳಿದದ್ದು ಇಷ್ಟು:

"ಮದುವೆಗೆ ಜನ ಹೇಳುವುದು ಮುಹೂರ್ತದ ದಿನ. ಹಿಂದಿನ ದಿನ ಮಧ್ಯಾಹ್ನ ಮೂರರಿಂದ ಮುಹೂರ್ತದ ದಿನ ಮಧ್ಯಾಹ್ನ ಮೂರರವರೆಗೆ ಛತ್ರ ಅವರದು, ಅಷ್ಟನ್ನೂ ಹಿಡಿ. ಬೇರೆ ಸಮಾರಂಭಕ್ಕೆ ಕೇಳಿದ ಹೊತ್ತನ್ನು ಮಾತ್ರ ಹಿಡಿ. ಯಾವ ಸಮಾರಂಭ ಎಂದು ತಿಳಿಯದಿದ್ದರೆ ಊಹಿಸಬೇಡ, ಕೇಳು. ಮನೆಯಲ್ಲಿ ಕೇಳಿ ಹೇಳ್ತೀವಿ ಅಂದವರಿಗೆ ಬುಕ್ ಮಾಡಬೇಡ, ದಿನ ನೋಡಿ ಹೇಳು, ಸಾಕು."

ಸೋಮವಾರ ಓನರು ನನ್ನ ಎದುರಿಗೇ ಕೂತು, ಯಾರೋ ಹೊಸಬರ ಹಾಗೆ ತಮ್ಮ ಫೋನಿನಿಂದ ಮೆಸೇಜ್ ಹಾಕಿದರು. ಅದೇ ಬುಧವಾರ ಸಂಜೆ, ಹುಟ್ಟುಹಬ್ಬಕ್ಕೆ ಬೇಕು ಎಂದು. ಹುಡುಗಿ ಉಗುರು ಕಚ್ಚುತ್ತಿದ್ದಳು. ಉತ್ತರ ಬಂತು. ಬುಧವಾರ ಸಂಜೆ ಮದುವೆಯವರ ಆರತಕ್ಷತೆ ಇದೆ, ಕೊಡಲಾಗುವುದಿಲ್ಲ. ಗುರುವಾರ ಮೂರಕ್ಕೆ ಅವರು ಬಿಟ್ಟುಕೊಡುತ್ತಾರೆ, ಅಂದು ಸಂಜೆ ಆಗಬಹುದು. ಬುಕ್ ಮಾಡಲೇ, ಇಲ್ಲ ಮನೆಯಲ್ಲಿ ಕೇಳಿ ಹೇಳುತ್ತೀರಾ?

ಗುರುವಾರ ಸಂಜೆ ಖಾಲಿ ಇರುತ್ತದೆ ಎನ್ನುವುದು ಓನರಿಗೇ ಹೊಳೆದಿರಲಿಲ್ಲ! ಇನ್ನೂ ಅರ್ಧ ಗಂಟೆ ಹೇಗ್ಹೇಗೋ ಕೇಳಿ ಬೀಳಿಸಲು ನೋಡಿದರು. ಏಜೆಂಟ್ ಒಂದು ಸಲವೂ ಎಡವಲಿಲ್ಲ. ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆ.

ಓನರು ಫೋನ್ ಕೆಳಗಿಟ್ಟು, ತಲೆ ಕೆರೆದುಕೊಂಡರು. "ಬುಕಿಂಗಿಗೆ ನಾಳೆಯಿಂದ ಬನ್ನಿ ಅಂತ ಒಬ್ಬರಿಗೆ ಹೇಳ್ಬಿಟ್ಟಿದ್ದೆ ಮೇಡಂ. ಬೇಡ ಅಂತ ಹೇಳ್ತೀನಿ ಬಿಡಿ."

"ಈಗ್ಲೇ ಹೇಳಿ ಸಾರ್" ಅಂದೆ.

ನನ್ನ ಮುಂದೆಯೇ ಫೋನ್ ಮಾಡಿ ಹೇಳಿದರು.