ಒಲೆಗೆ ಹಾಕದ ಹಾಳೆ

ಒಲೆಗೆ ಹಾಕು ಎಂದು ತಮ್ಮ ಕೊಟ್ಟ ಹಾಳೆಗಳನ್ನು ನಾನು ಒಲೆಗೆ ಹಾಕಲಿಲ್ಲ. ಹಾಕಲಿಲ್ಲವೆಂದು ಹೇಳಬೇಕಾದ ದಿನ ಹೇಳಲೂ ಇಲ್ಲ. ನನ್ನ ತಪ್ಪು ಇಷ್ಟೇ. ಇಷ್ಟನ್ನು ಬಾಯಿಬಿಟ್ಟು ಹೇಳುವುದಕ್ಕೆ ಆರು ವರ್ಷ ಹಿಡಿಯಿತು.

ತಮ್ಮ ಸಿದ್ದಲಿಂಗ ಚನ್ನರಾಯಪಟ್ಟಣದಲ್ಲಿ ಹೊಸದಾಗಿ ಅಚ್ಚಿನ ಅಂಗಡಿ ಇಟ್ಟಿದ್ದಾನೆ. ಕಾಲಲ್ಲಿ ತುಳಿಯುವ ಒಂದು ಹಳೆಯ ಯಂತ್ರ, ಅಚ್ಚಿನ ಮೊಳೆಗಳ ನಾಲ್ಕು ಪೆಟ್ಟಿಗೆ, ಅಷ್ಟೇ. ಮೊನ್ನೆ ಬುತ್ತಿ ತೆಗೆದುಕೊಂಡು ಹೋದಾಗ ಬಾಗಿಲಲ್ಲೇ ಮಸಿ ಮತ್ತು ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ನಿಮಗಾದರೆ ತಲೆನೋವು ಬಂದೀತು. ನನಗೆ ಹಾಸನದ ನಮ್ಮ ಮನೆಯ ಜಗಲಿ ನೆನಪಿಗೆ ಬಂತು.

ಆ ಜಗಲಿಯ ಮೇಲೆ ನಾನು ಹುರಿಗಾಳು ಮಾರುತ್ತಿದ್ದೆ. ಮೂರನೆಯ ಕ್ಲಾಸಿಗೆ ನನ್ನನ್ನು ಶಾಲೆ ಬಿಡಿಸಿದ್ದು ಕೈಗೂಸಾಗಿದ್ದ ಇದೇ ತಮ್ಮನನ್ನು ನೋಡಿಕೊಳ್ಳಲಿ ಎಂದು. ಆಮೇಲೆ ಗಂಡ ತೀರಿಕೊಂಡು ತವರಿಗೆ ಬಂದೆ. ಅಪ್ಪ ಅವ್ವ ಇಬ್ಬರೂ ಹೋದಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರೇ. ಅವನು ಊರಿನ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ್ದ. ಕೆಟ್ಟ ಹಾಳೆಗಳನ್ನು ಕೆಲಸಗಾರರು ಒಲೆ ಹೊತ್ತಿಸಲು ಮನೆಗೆ ಒಯ್ಯುವುದು ಅಲ್ಲಿನ ರೂಢಿ. ಯುದ್ಧದ ಕಾಲ, ಕಾಗದಕ್ಕೂ ಬರ, ಬೆಂಕಿಕಡ್ಡಿಗೂ ಬರ. ಒಂದು ಬದಿ ಬೆಳ್ಳಗಿದ್ದ ಹಾಳೆಗಳನ್ನು ನಾನು ಒಲೆಯಿಂದ ಉಳಿಸಿ ಪೊಟ್ಟಣ ಕಟ್ಟುತ್ತಿದ್ದೆ. ಮಸಿ ಕಾಳಿಗೆ ಹತ್ತಬಾರದಲ್ಲ, ಅದಕ್ಕೆ ಬಿಳಿ ಬದಿ ಒಳಗೆ, ಅಕ್ಷರ ಹೊರಗೆ. ನನ್ನ ಶುಚಿಗೆ ನಾನೇ ಹೆಮ್ಮೆಪಡುತ್ತಿದ್ದೆ. ಆ ಶುಚಿಯೇ ಮುಂದೆ ಮನೆಗೆ ಮುಳುವಾಯಿತು.

ಸುತ್ತಿನ ಕೆಲವು ಶಾಲೆಗಳವರು ಕೂಡಿ ಮಿಡ್ಲ್ ಸ್ಕೂಲ್ ಪರೀಕ್ಷೆಯ ಪೇಪರುಗಳನ್ನು ತಮ್ಮನ ಅಚ್ಚುಕೂಟದಲ್ಲೇ ಅಚ್ಚು ಮಾಡಿಸುತ್ತಿದ್ದರು. ಲೆಕ್ಕದ ಪೇಪರಿನಲ್ಲಿ ಎಂಬತ್ತೊಂದು ಗಜ ಬಟ್ಟೆ ಎಂದು ಇರಬೇಕಾದ ಕಡೆ ಹದಿನೆಂಟು ಗಜ ಎಂದು ಬಿದ್ದು, ಒಂದಿಪ್ಪತ್ತು ಹಾಳೆ ಕೆಟ್ಟವು. ತಮ್ಮನೇ ತಪ್ಪು ಕಂಡು ತಿದ್ದಿ, ಹೊಸದಾಗಿ ಅಚ್ಚು ಹಾಕಿದ. ಕೆಟ್ಟವನ್ನು ಅಲ್ಲೇ ಸುಡಬೇಕೆಂದು ಯಜಮಾನರ ಆಜ್ಞೆ. ಅಂದು ಅಚ್ಚುಕೂಟದಲ್ಲಿ ಕಡ್ಡಿಪೆಟ್ಟಿಗೆಯೇ ಇರಲಿಲ್ಲ. ಒಲೆ ಉರಿಯುತ್ತಿರುವ ಮನೆಗೇ ತಂದ.

“ಇವ್ನೆಲ್ಲ ಒಲೆಗೆ ಆಕ್ಬುಡಕ್ಕ. ಒಂದು ಚೂರೂ ಉಳೀಬಾರ್ದು” ಎಂದು ಹೇಳಿ ಸ್ನಾನಕ್ಕೆ ಹೋದ.

ಮೇಲಿನ ನಾಲ್ಕು ಹಾಕಿದೆ. ಉಳಿದವುಗಳ ಬಿಳುಪು ನೋಡಿ ಕೈ ಬರಲಿಲ್ಲ. ‘ಗಣಿತ’ ಎಂಬ ಅಕ್ಷರ ಓದಿದೆ. ಹೌದು, ಓದಿದೆ. ಅಷ್ಟು ಓದು ನನಗಿತ್ತು. ಕಾಳು ತಿನ್ನುವವರು ಪೊಟ್ಟಣ ಓದುತ್ತಾರೆಯೇ ಎಂದು ಮನಸ್ಸಿಗೆ ಸಮಾಧಾನ ಹೇಳಿ ಮೊರದ ಕೆಳಗಿಟ್ಟೆ. ಮಾರನೆಯ ದಿನದಿಂದ ಒಂದೊಂದಾಗಿ ತೆಗೆದು ಕಾಳು ಕಟ್ಟಿ ಮಾರತೊಡಗಿದೆ. ಪರೀಕ್ಷೆ ಹತ್ತಿರ ಬಂದಾಗ ಮಕ್ಕಳು ಪುಸ್ತಕವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಓದುತ್ತಾರೆ ಎಂಬುದು ಮೂರನೇ ಕ್ಲಾಸಿನವಳಿಗೆ ಹೇಗೆ ತಿಳಿಯಬೇಕು?

ತಮ್ಮ ಬಂದು ಸುಟ್ಟಾಯಿತೇ ಎಂದ. “ಊಂ ಕಣಪ್ಪ, ಬೂದಿಯಾಯ್ತು” ಅಂದೆ.

ಪರೀಕ್ಷೆಯಲ್ಲಿ ನಮ್ಮ ಬೀದಿಯ ನಾಲ್ಕು ಮಕ್ಕಳು ಎಂಬತ್ತೊಂದು ಗಜದ ಪೇಪರನ್ನು ಎದುರಿಗಿಟ್ಟುಕೊಂಡು ಹದಿನೆಂಟು ಗಜಕ್ಕೆ ಉತ್ತರ ಬರೆದರು. ಮೇಷ್ಟರು ದಡ್ಡರೇನಲ್ಲ. ಹದಿನೆಂಟು ಗಜ ಇದ್ದದ್ದು ಕೆಟ್ಟ ಹಾಳೆಗಳಲ್ಲಿ ಮಾತ್ರ, ಅವು ಇದ್ದದ್ದು ತಮ್ಮನ ಕೈಯಲ್ಲಿ. ಪೇಪರು ಮಾರಿಕೊಂಡನೆಂದು ಪೊಲೀಸರು ಅವನ ಮೇಲೆ ಕ್ರಿಮಿನಲ್ ಕೇಸು ಹಾಕಿದರು. ಮಕ್ಕಳೋ, ಬೀದಿಯಲ್ಲಿ ಬಿದ್ದಿತ್ತು ಎಂದೇ ಪಟ್ಟು ಹಿಡಿದವು. ಕಾಸಿಗೆ ಮೇಲೊಂದು ಹಿಡಿ ಕಾಳು ಹಾಕುತ್ತಿದ್ದ ಈ ಅಕ್ಕನನ್ನು ಬಿಟ್ಟುಕೊಡಲು ಅವಕ್ಕೆ ಮನಸ್ಸು ಬರಲಿಲ್ಲವೋ ಏನೋ.

ಮನೆ ಶೋಧಿಸಲು ಪೊಲೀಸರು ಬರುವ ಹೊತ್ತಿಗೆ ಉಳಿದ ಹಾಳೆಗಳು ನಿಜವಾಗಿ ಒಲೆ ಸೇರಿದ್ದವು. ನಿನಗೆ ಓದಲು ಬರುತ್ತದೆಯೇ ಎಂದು ಜಮಾದಾರ ಕೇಳಿದ. “ಇಲ್ಲ ಸಾ. ನಮ್ಗ್ಯಾಕೆ ಸಾ ಓದು” ಅಂದೆ. ಹೇಳಿಕೆಗೆ ಹೆಬ್ಬೆಟ್ಟು ಒತ್ತಿದೆ. ಅಂದಿನಿಂದ ರೇಷನ್ ಚೀಟಿಗೂ ಹೆಬ್ಬೆಟ್ಟೇ. ಒಂದು ಸುಳ್ಳಿಗಾಗಿ ಮೂರು ಕ್ಲಾಸಿನ ವಿದ್ಯೆಯನ್ನು ಹೂತುಹಾಕಿದೆ. ಪೊಟ್ಟಣಕ್ಕೆ ಮುತ್ತುಗದ ಎಲೆ ಹಿಡಿದೆ.

ತಮ್ಮ ಎಂಟು ತಿಂಗಳು ಕೋರ್ಟಿಗೆ ಅಲೆದ. ಮನೆಯ ಹೆಂಗಸನ್ನು ಕಟಕಟೆಗೆ ಎಳೆಯಬಾರದೆಂದು, ಹಾಳೆಗಳನ್ನು ತಾನೇ ಕೈಯಾರೆ ಸುಟ್ಟದ್ದಾಗಿ ಹೇಳಿದನಂತೆ. ನಾನು ಆಚೆ ಮರದಡಿ ಅವನ ಬುತ್ತಿ ಹಿಡಿದು ಕೂತಿದ್ದೆ. ಒಳಕ್ಕೆ ಹೋಗಲು ಹತ್ತು ಹೆಜ್ಜೆ. ಎರಡು ಸಲ ಎದ್ದೆ, ಎರಡು ಸಲ ಕೂತೆ. ಕೊನೆಗೆ ಸಾಕ್ಷಿ ಸಾಲದೆಂದು ಬಿಟ್ಟರು. ಜನ ಬಿಡಲಿಲ್ಲ. ಅಚ್ಚುಕೂಟದವರು ಮತ್ತೆ ಸೇರಿಸಿಕೊಳ್ಳಲಿಲ್ಲ. ಹೊಳೆನರಸೀಪುರದ ಮಂಡಿಯಲ್ಲಿ ರಾಗಿ ತೂಗಿದ, ಅರಕಲಗೂಡಿನಲ್ಲಿ ಅರ್ಜಿ ಬರೆದುಕೊಟ್ಟ. ಆದರೂ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಊಟಕ್ಕೆ ಕೂತರೆ ಎಲೆಯ ಅಂಚಿನಲ್ಲಿ ಅನ್ನದ ಅಗುಳನ್ನು ಸಾಲಾಗಿ ಜೋಡಿಸುತ್ತಿದ್ದ.

ಅಂಥವನು ಕೊನೆಗೂ ತನ್ನದೇ ಯಂತ್ರ ತುಳಿಯುವುದನ್ನು ನೋಡಲು ಮೊನ್ನೆ ಹೋದದ್ದು. ಅಲ್ಲಿ ಒಬ್ಬ ಹೆಡ್‌ಮೇಷ್ಟರು ಬೆಂಚಿನ ಮೇಲೆ ಕೂತಿದ್ದರು. ಪರೀಕ್ಷೆ ಪೇಪರುಗಳನ್ನು ಅಚ್ಚು ಮಾಡಿಕೊಡು ಎಂದು ಕೇಳಲು ಬಂದವರು. ಹಳೆಯ ಕೇಸು ಅವರಿಗೂ ಗೊತ್ತು, ಗೊತ್ತಿದ್ದೇ ಬಂದಿದ್ದರು. ತಮ್ಮನೇ ಕೈಮುಗಿದು ಬೇಡವೆಂದ.

“ಅವತ್ತು ಆ ಕೆಟ್ಟ ಹಾಳೆಗಳ್ನ ದಾರೀಲಿ ನಾನೇ ಎಲ್ಲೋ ಬೀಳಿಸ್ಬುಟ್ಟಿದ್ದೆ ಸಾ. ಈ ಕೈಗೆ ಅಂಥ ಕೆಲ್ಸ ಬ್ಯಾಡ.”

ಆರು ವರ್ಷದಿಂದ ಅವನು ಬೈದುಕೊಳ್ಳುತ್ತಿದ್ದದ್ದು ಊರನ್ನಲ್ಲ, ಕೋರ್ಟನ್ನಲ್ಲ, ತನ್ನನ್ನೇ. ಅದು ನನಗೆ ತಿಳಿದದ್ದೇ ಆಗ. ಬುತ್ತಿಯನ್ನು ಕೆಳಗಿಟ್ಟೆ. ಮೇಷ್ಟರ ಕೈಯಲ್ಲಿದ್ದ ಹಾಳೆ ತೆಗೆದುಕೊಂಡು ಮೊದಲ ಪ್ರಶ್ನೆಯನ್ನು ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದೆ. ತಮ್ಮ ಪೆಡಲಿನ ಮೇಲಿಂದ ಕಾಲು ತೆಗೆದ.

ನಾನು ಹೇಳಿದ್ದಕ್ಕೆ ಅವನು ಏನೆಂದ ಎಂಬುದು ನಮ್ಮ ಮನೆಯ ಮಾತಾಗಿಯೇ ಇರಲಿ. ಆ ಪೇಪರುಗಳನ್ನು ಅವನೇ ಅಚ್ಚು ಮಾಡುತ್ತಿದ್ದಾನೆ, ತಪ್ಪು ನೋಡಲು ಎದುರು ಕೂತು ಓದಿ ಹೇಳುವವಳು ನಾನು ಎಂದರೆ ನಿಮಗೆ ತಿಳಿಯುತ್ತದೆ. ಕೆಟ್ಟ ಹಾಳೆಗಳನ್ನು ಇಬ್ಬರೂ ನಿಂತು ಸುಡುತ್ತೇವೆ. ಅಂದು ನಾನು ಆಡಿದ್ದು ಇಷ್ಟು:

“ನೀನೇನೂ ಬೀಳಿಸ್ನಿಲ್ಲ ಕಣಪ್ಪ. ನಂಗೆ ಓದಕ್ಕೆ ಬತ್ತದೆ, ಅವತ್ತೂ ಬತ್ತಿತ್ತು. ಓದಿ, ಗೊತ್ತಿದ್ದೂ ಪೊಟ್ಣ ಕಟ್ದೆ. ಮರದಡೀಲಿ ಸುಮ್ಕೆ ಕೂತಿದ್ದೆ. ತಪ್ಪು ನಂದು ಕಣಪ್ಪ ಸಿದ್ದ, ನನ್ನ ಕ್ಷಮಿಸ್ಬುಡು.”