ಸಾಣೆಗೆ ಹೋದ ಕಲ್ಲಿನ ಖಡ್ಗ

ಪ್ರಾಚೀನ ಚೀನದ ಅರಸರ ಬಳಿ ಏನನ್ನೂ ಕತ್ತರಿಸದ ಖಡ್ಗಗಳಿದ್ದವು. ಜೇಡ್ ಎಂಬ ಕಲ್ಲಿನವು. ಆ ಕಲ್ಲು ಉಳಿಗೆ ಬಗ್ಗುವುದಿಲ್ಲ. ಮರಳು, ನೀರು ಹಾಕಿ ತಿಂಗಳುಗಟ್ಟಲೆ ಉಜ್ಜಬೇಕು. ಹಿಡಿ ಕಟ್ಟುವ ತೂತನ್ನೂ ಮರಳಿನಿಂದಲೇ ಕೊರೆಯಬೇಕು. ಇಷ್ಟೆಲ್ಲ ಮಾಡಿ ಸಮಾರಂಭಗಳಲ್ಲಿ ಹಿಡಿದು ನಿಲ್ಲುವುದು, ಕೊನೆಗೆ ಅರಸನ ಜೊತೆ ಹೂಳುವುದು. ಕೆಲಸಕ್ಕೆ ಬಾರದ್ದಕ್ಕೇ ಮರ್ಯಾದೆ ಹೆಚ್ಚು ಎಂಬುದು ನಮ್ಮ ಸಮಾರಂಭಗಳ ಮುಖ್ಯ ಅತಿಥಿಗಳನ್ನು ನೋಡಿ ನನಗೆ ಮೊದಲೇ ಗೊತ್ತಿತ್ತು.

ಬಬಲೇಶ್ವರದ ಕಾಲೇಜಿನಲ್ಲಿ ಇತಿಹಾಸ ಕಲಿಸುವ ನಾನು, ದಸರಾ ರಜೆ ಮುಗಿದ ಮೇಲಿನ ಪ್ರದರ್ಶನಕ್ಕೆ ಅಂಥದೊಂದನ್ನು ಯಂತ್ರ ಮುಟ್ಟಿಸದೆ ಮಾಡಿ ತರುತ್ತೇನೆಂದು ಎಲ್ಲರೆದುರು ಜಂಬ ಕೊಚ್ಚಿಕೊಂಡಿದ್ದೆ. ಸೊಲ್ಲಾಪುರ ರಸ್ತೆಯ ಕಲ್ಲಿನ ಅಂಗಡಿಯವರು ಬಿಸಾಡಿದ್ದ ಹಸಿರು ಅಮೃತಶಿಲೆಯ ತುಂಡೊಂದನ್ನು ತಂದು, ಜಲನಗರದ ನಮ್ಮ ಮನೆಯ ಒಗೆಯುವ ಕಲ್ಲಿನ ಮೇಲೆ ಬೇಸಿಗೆಯಿಂದ ಉಜ್ಜುತ್ತಲೇ ಇದ್ದೆ.

"ಇಷ್ಟು ತಿಕ್ಕಿದ್ರ ನಮ್ಮ ಭಾಂಡೆ ಬೆಳ್ಳಿ ಆಗ್ತಿದ್ವು ಯವ್ವಾ," ಎನ್ನುತ್ತಿದ್ದರು ಅತ್ತೆ.

ಖಂಡೇನವಮಿಯ ಹಿಂದಿನ ದಿನ ಟಿಕೋಟಾದ ತೋಟದಿಂದ ಮಾವ ಬಂದರು. ಪೂಜೆಗಿಡುವ ಹತಾರಗಳಿಗೆಲ್ಲ ಸಾಣೆ ಹಿಡಿಸಿ ತರುವುದು ಅವರ ವಾಡಿಕೆ. ದ್ರಾಕ್ಷಿ ಬಳ್ಳಿ ಸವರುವ ಚಾಟಣಿ ಕತ್ತರಿ, ಕುಡಗೋಲು, ನಮ್ಮ ಈಳಿಗೆ, ಕಣ್ಣಿಗೆ ಬಿದ್ದದ್ದನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋದರು. ತಿರುಗಿ ಬಂದಾಗ ನನ್ನ ಖಡ್ಗಕ್ಕೂ ಧಾರ ಬಂದಿತ್ತು. ತುದಿ ಮಾತ್ರ ಮುರಿದು ಹೋಗಿತ್ತು.

"ಧಾರನ ಇದ್ದಿಲ್ಲವ್ವ ಅದಕ್ಕ. ಮೊಂಡ ಹತಾರ ದೇವರ ಮುಂದ ಹೆಂಗ ಇಡೂದು?"

"ಮಾವಾರ, ಅದಕ್ಕ ಧಾರ ಇರಬಾರದರಿ!"

"ಧಾರ ಬ್ಯಾಡಂದ್ರ ಖಡ್ಗ ಯಾಕ? ಲಟ್ಟಣಿಗಿ ಮಾಡಬೇಕಿತ್ತು."

ಅತ್ತೆ ಅದನ್ನು ತಿರುವಿ ನೋಡಿ, "ಭಿನ್ನ ಆಗೇತಿ. ಇನ್ನ ಇದು ಪೂಜಿಗೂ ಬರಂಗಿಲ್ಲ. ಭಾಳ ಶ್ಯಾಣ್ಯಾ ಅದೀರಿ," ಎಂದು ಮಾವನಿಗೆ ಪ್ರಮಾಣಪತ್ರ ಕೊಟ್ಟರು.

ಆಗ ನಾನು ನಕ್ಕುಬಿಟ್ಟೆ ಎಂದು ನನ್ನ ನೆನಪು. ಬಿಕ್ಕಿದೆ ಎಂದು ಗಂಡ ಹೇಳುತ್ತಾನೆ. ನನ್ನ ನೆನಪು ಯಾವಾಗಲೂ ನನ್ನ ಮರ್ಯಾದೆಯ ಕಡೆಗೇ ವಾಲುವುದರಿಂದ ಅವನ ಮಾತೇ ನಿಜವಿರಬೇಕು.

ಮರುದಿನ ಕುಂಕುಮ ಹಚ್ಚಿಸಿಕೊಂಡ ಹತಾರಗಳೆಲ್ಲ ದೇವರ ಮುಂದೆ ರಜೆಯಲ್ಲಿದ್ದವು. ನಾನು ಒಗೆಯುವ ಕಲ್ಲಿನ ಬಳಿ ಕೂತು ಸಾಣೆಯ ಗೀರುಗಳನ್ನು ಉಜ್ಜತೊಡಗಿದೆ. ಮುರಿದ ಜೇಡನ್ನು ಚೀನದವರೂ ಎಸೆಯುತ್ತಿರಲಿಲ್ಲ, ಸವೆಸಿ ಚಿಕ್ಕದೊಂದು ವಸ್ತು ಮಾಡುತ್ತಿದ್ದರು. ಈ ಸಲದ ಪ್ರದರ್ಶನಕ್ಕಂತೂ ಜೇಡ್ ಖಡ್ಗದ ಚಿತ್ರವೇ ಗತಿ. ಅಲ್ಲೇ ಸುಳಿದಾಡುತ್ತಿದ್ದ ಮಾವ ಕೊನೆಗೆ ಎದುರು ಕುಕ್ಕರಗಾಲಲ್ಲಿ ಕೂತರು.

"ಕೊಡಿಲ್ಲಿ." ಮರಳು ಹಾಕಿ ಬಹಳ ಹೊತ್ತು ಉಜ್ಜಿದರು. ಕಲ್ಲು ಹಾಗೇ ಇತ್ತು. "ಇದು ಯಾವಾಗ ಮುಗೀತೈತಿ?"

"ಮುಂದಿನ ಖಂಡೇನವಮಿಗೆ ಸಣ್ಣ ಚಾಕು ಆಗ್ತೈತ್ರಿ."

ಮಾವ ಇನ್ನೊಂದು ಹಿಡಿ ಮರಳು ಸುರಿದರು. "ಅದಕ್ಕರ ಧಾರ ಇರ್ತೈತೇನು?"