ಮೋತ್ಯಾ ಬಾಯಿ ಹಾಕದ ಕೊಡ

ಗಿರಿಜಕ್ಕ, ನಿಮ್ಮ ನಾಯಿ ಮೋತ್ಯಾ ಆ ದೇವರ ಕೊಡಕ್ಕೆ ಬಾಯಿ ಹಾಕಿರಲಿಲ್ಲ. ಹಾಕಿತು ಎಂದು ಮನೆ ಮಾಲಕಿ ಬಸಮ್ಮನವರಿಗೆ ಹೇಳಿದವನು ನಾನು — ನಿಮ್ಮ ಪಕ್ಕದ ಖೋಲಿಯ ಈರಣ್ಣ. ಆ ಸುಳ್ಳಿನಿಂದ ನೀವು ಮನೆ ಬಿಟ್ಟಿರಿ. ಹೇಳಿದವರು ಯಾರೆಂದು ನಿಮಗೆ ಇಂದಿಗೂ ಗೊತ್ತಿಲ್ಲ.

ಗಂಗಾವತಿಯ ಆ ವಠಾರ ಈಗಲೂ ಕಣ್ಣಿಗೆ ಕಟ್ಟುತ್ತದೆ. ಐದು ಖೋಲಿ, ಅಂಗಳದಲ್ಲಿ ಒಂದೇ ನಳ. ನಿಮ್ಮ ಹೊಲಿಗೆ ಯಂತ್ರದ ಸದ್ದು ನಮಗೆಲ್ಲ ಕೇಳುತ್ತಿತ್ತು, ನಿಮಗೊಬ್ಬರಿಗೆ ಕೇಳುತ್ತಿರಲಿಲ್ಲ. ಜ್ವರದಲ್ಲಿ ಕಿವಿ ಹೋದ ಮೇಲೆ ನೀವೇ ಕಲಿಸಿ ಬೆಳೆಸಿದ ನಾಯಿ ಮೋತ್ಯಾ. ಬಾಗಿಲು ಬಡಿದರೆ ನಿಮ್ಮ ಸೆರಗು ಎಳೆಯುತ್ತಿತ್ತು. ಕುಕ್ಕರ್ ಕೂಗಿದರೆ ಒಲೆಯ ಹತ್ತಿರ ಓಡಿ, ತಿರುಗಿ ನಿಮ್ಮನ್ನು ನೋಡುತ್ತಿತ್ತು. ನಳದಲ್ಲಿ ನೀರಿಗಿಂತ ಮುಂಚೆ ಗಾಳಿ ಬುಸುಗುಡುತ್ತದಲ್ಲ — ಅದು ನಮ್ಮ ಕಿವಿಗೆ ಬೀಳುವಷ್ಟರಲ್ಲಿ ನೀವು ಮೋತ್ಯಾನ ಹಿಂದೆ ಬಂದು ಕೊಡ ಹಿಡಿದು ನಿಂತಿರುತ್ತಿದ್ದಿರಿ.

"ಅಕ್ಕಾ, ನಿಮ್ಮ ಮೋತ್ಯಾಗ ನೀರು ಬಿಡೋ ನೌಕರಿ ಕೊಡಬೇಕ್ರಿ" ಎಂದು ನಾನು ಅಣಕಿಸುತ್ತಿದ್ದೆ.

ನೀವು ನನ್ನ ತುಟಿ ನೋಡಿ ತಿಳಿದುಕೊಂಡು, "ಪಗಾರ ನಿನ್ನ ಕೈಯಾಗ ಕೊಡಬ್ಯಾಡ್ರಿ ಅಂತ ಹೇಳ್ತೀನಿ. ಅರ್ಧಾ ನೀನ ತಿಂತಿ" ಎನ್ನುತ್ತಿದ್ದಿರಿ.

ವಠಾರವೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ, ಆದರೆ ಒಳಗೆ ಉರಿ. ಪಾಳಿಯಲ್ಲಿ ಮೊದಲು ನಿಂತವರು ಬಸಮ್ಮನವರ ದೇವರ ಕೊಡ, ಅಂದರೆ ಪೂಜೆಯ ನೀರಿನ ಕೊಡ, ತುಂಬುವುದು ಅಲ್ಲಿಯ ರೂಢಿ; ಅದೊಂದು ಮರ್ಯಾದೆ. ನೀವು ಬರುವ ತನಕ ಅದನ್ನು ತುಂಬುತ್ತಿದ್ದವನು ನಾನು. ಇಷ್ಟೇ — ಬೇರೆ ಕಾರಣವಿಲ್ಲ.

ಆ ಮುಂಜಾನೆ ನೀವು ತುಂಬಿಟ್ಟ ದೇವರ ಕೊಡದ ಪಕ್ಕ ಮೋತ್ಯಾ ಸುಮ್ಮನೆ ಕುಳಿತಿತ್ತು. ಬಸಮ್ಮನವರು ಹೊರಬಂದರು. ನಿಮ್ಮೆದುರು ಮಾತಾಡುವಾಗ ಬೆಳಕಿಗೆ ಮುಖ ಮಾಡಿ ನಿಲ್ಲುವುದು ನಮಗೆಲ್ಲ ಅಭ್ಯಾಸವಾಗಿತ್ತು. ನಾನು ನಿಮಗೆ ಬೆನ್ನು ತಿರುಗಿಸಿದೆ.

"ಅಮ್ಮಾ, ನಾಯಿ ದೇವರ ಕೊಡಕ್ಕ ಬಾಯಿ ಹಾಕ್ತು ನೋಡ್ರಿ."

ನೀವು ಹಿಂದೆ ನಿಂತು ಮೋತ್ಯಾನ ತಲೆ ಸವರುತ್ತಿದ್ದಿರಿ —

ಬಸಮ್ಮನವರು ಕೆಟ್ಟವರಲ್ಲ. "ನೀ ಇರವಾ, ನಾಯಿ ಬ್ಯಾಡ" ಎಂದರು.

"ಅದು ನನ್ನ ಕಿವಿ ಐತ್ರಿ," ಎಂದಿರಿ ನೀವು. "ಕಿವಿ ಹೊರಗಿಟ್ಟು ಮನ್ಯಾಗ ಹೆಂಗ ಇರ್ಲಿ?"

ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ನೀವು ಓಣಿ ಓಣಿ ತಿರುಗಿದರೂ ನಾಯಿ ಇದೆ ಎಂದ ಕೂಡಲೇ ಎಲ್ಲರೂ ಬಾಗಿಲು ಹಾಕಿಕೊಂಡರು. ಕೊನೆಗೆ ಕಾರಟಗಿಗೆ ಹೊರಟಿರಿ. ಹೊಲಿಗೆ ಯಂತ್ರವನ್ನು ಗಾಡಿಗೆ ಎತ್ತಿಟ್ಟವನೂ ನಾನೇ. "ನೀ ಛಲೋ ಮನಷ್ಯಾ ಅದಿ, ಈರಣ್ಣ" ಎಂದಿರಿ. ಮೋತ್ಯಾ ನನ್ನ ಕೈ ನೆಕ್ಕಿತು.

ದೇವರ ಕೊಡ ಮತ್ತೆ ನನ್ನ ಪಾಲಿಗೆ ಬಂತು. ಎಷ್ಟು ವರ್ಷ ತುಂಬಿದೆನೋ...

ನಾನು ಶಾಲೆಯ ಓದು ಓದಿದ್ದೇ ತಡವಾಗಿ, ನೀವು ಹೋದ ಎಷ್ಟೋ ದಿನಗಳ ಮೇಲೆ. ಅಂಗವಿಕಲರ ಹಕ್ಕುಗಳ ಪಾಠ ಬಂದಾಗ ಆ ಪುಟ ದಾಟಲಾಗಲಿಲ್ಲ. ನೀವು ಯಾರ ದಯೆಯನ್ನೂ ಕೇಳಿರಲಿಲ್ಲ; ಎಲ್ಲರ ಹಾಗೆ ಬಾಡಿಗೆ ಕೊಟ್ಟು, ನಿಮ್ಮ ಕಿವಿಯ ಜೊತೆ ಇರುತ್ತೇನೆ ಎಂದಿದ್ದಿರಿ.

ನಿನ್ನೆ ಬಸಮ್ಮನವರಿಗೆ ನಿಜ ಹೇಳಿದೆ. ಈ ಪತ್ರವನ್ನು ಒಂದೊಂದೇ ಅಕ್ಷರ ಒತ್ತಿ ಬರೆದೆ, ಆದರೆ ಬರೆದರೆ ಸಾಲದು. ಭಾನುವಾರ ಕಾರಟಗಿಗೆ ಬರುತ್ತೇನೆ. ಮೋತ್ಯಾ ಈಗ ಇದೆಯೋ ಇಲ್ಲವೋ. ಇಲ್ಲದಿದ್ದರೆ ನಾನು ಬಾಗಿಲು ಬಡಿದದ್ದು ನಿಮಗೆ ತಿಳಿಯುವುದಿಲ್ಲ. ನೀವಾಗಿಯೇ ತೆರೆಯುವ ತನಕ ಹೊರಗೆ ನಿಲ್ಲುತ್ತೇನೆ — ಬೆಳಕಿಗೆ ಮುಖ ಮಾಡಿ.